ಅತ್ತೆಯ ಕೈಗೇರಿದ ಹಸಿರು ಬಳೆ

ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ನನ್ನ ಹಿರಿಯ ಮಗಳ ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಅತ್ತೆ ಆಗಲೇ ಹೇಳಿಬಿಟ್ಟಿದ್ದರು: "ಬಳಿ ಇಡಸೂ ದಿನ ನನ್ನ ಕರೀಬ್ಯಾಡ್ರಿ. ನಾ ಒಳಗ ಕುಂದರ್ತೇನಿ."

ಮದುವೆಗೆ ಮುಂಚೆ ನೆಂಟ ಹೆಂಗಸರೆಲ್ಲ ಕೂಡಿ ಬಳೆ ತೊಡುವ ಆ ಶಾಸ್ತ್ರ ಅವರಿಗೆ ಯಾಕೆ ಬೇಡವೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಸಿಂದಗಿಯಲ್ಲಿ ನಾದಿನಿಯ ಮನೆಯ ಮದುವೆಗೆ ಹೋದಾಗ, ಬಳೆಗಾರ ಎರಡನೇ ಬಳೆ ಏರಿಸುವಷ್ಟರಲ್ಲಿ ಅತ್ತೆಯ ಮುಂಗೈ ಚರ್ಮ ತೆಳು ಕಾಗದದಂತೆ ಸುಲಿದು ರಕ್ತ ಬಂದಿತ್ತು. "ಮುದುಕ್ಯಾರಿಗೆ ಪ್ಲಾಸ್ಟಿಕ್ ಬಳೀನ ಚಲೋ ಬಿಡ್ರಿ" ಎಂದು ಯಾರೋ ನಕ್ಕಿದ್ದರು. ಎಪ್ಪತ್ತು ದಾಟಿದರೂ ಸೀರೆಯ ನಿರಿಗೆ ಒಂದು ಆಚೀಚೆಯಾದರೆ ಬಿಚ್ಚಿ ಮತ್ತೆ ಉಡುವ ಹೆಂಗಸು. ಗಾಯ ವಾರದಲ್ಲಿ ಮಾಯಿತು, ಆ ನಗೆ ಮಾಯಲಿಲ್ಲ.

ಅವರ ಜಳಕ ನೋಡಿದವರಿಗೆ ರೋಗದ ಬೇರು ಕಾಣುತ್ತಿತ್ತು. ಹೊಗೆಯಾಡುವ ನೀರು, ಕೆಂಪು ಸಾಬೂನು, ಮೈ ತಿಕ್ಕುವ ಕಲ್ಲು. ಕೈಮೇಲೆ ಬೆಳ್ಳಗೆ ಹೊಟ್ಟು ಏಳುತ್ತಿತ್ತು. ಅದನ್ನು ಕೊಳೆಯೆಂದು ತಿಳಿದು ಇನ್ನಷ್ಟು ತಿಕ್ಕುತ್ತಿದ್ದರು. ದವಾಖಾನೆಗೆ ಕರೆದೊಯ್ದೆ. ಡಾಕ್ಟರಮ್ಮ ಕೈ ಹಿಡಿದು ನೋಡಿ, "ಆಯಿ, ಇದು ಹೊಲಸಲ್ಲ, ಒಣಗಿದ ತೊಗಲು. ಸುಡು ನೀರು, ಕಲ್ಲು ಎರಡೂ ಬಿಡ್ರಿ. ಜಳಕ ಆದಕೂಡ್ಲೆ ಮೈ ಹಸಿ ಇದ್ದಾಗನ ಎಣ್ಣಿ ಹಚ್ಚಿಕೊಳ್ರಿ" ಎಂದರು.

ಮನೆಗೆ ಬಂದವಳೇ ಕಲ್ಲನ್ನು ಅಟ್ಟಕ್ಕೇರಿಸಿದೆ.

"ಕಲ್ಲಿಗೆ ಕಾಲ ಬಂದಾವೇನ?" ಎಂದು ಅತ್ತೆ ಬಚ್ಚಲಿನಿಂದ ಕೂಗಿದರು.

"ಹೌದ್ರಿ, ಇಂಡಿ ಊರಿನ ಬಸ್ಸು ಹತ್ತಿ ಹೋತ್ರಿ!"

ಸಾಬೂನಿನ ಬದಲು ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ಕೊಟ್ಟೆ. ಬೆಳಗ್ಗೆ, ಸಂಜೆ ಕುಸುಬೆ ಎಣ್ಣೆ. ಮಾಳಿಗೆಯ ಬಿಸಿಲಿಗೆ ಸಂಡಿಗೆ ಹಾಕಲು ಹೋಗುವಾಗ ಅತ್ತೆಗೆ ಮಾವನ ಹಳೆಯ ತುಂಬುತೋಳಿನ ಅಂಗಿ ತೊಡಿಸಿದೆ. "ಹುಕುಂ ಮದಲಿಂದನೂ ಈಕೀದ. ಈಗ ಅಂಗೀನೂ ಈಕೀದ ಆತು" ಎಂದರು ಮಾವ.

ತಿಂಗಳಲ್ಲಿ ಹೊಟ್ಟು ಏಳುವುದು ನಿಂತಿತು. ಒಂದು ದಿನ ನಾನು ರೊಟ್ಟಿಯ ಗಡಿಬಿಡಿಯಲ್ಲಿ ಮರೆತರೆ, ಅತ್ತೆಯೇ ಎಣ್ಣೆಯ ಬಟ್ಟಲು ತಂದು ಎದುರಿಗೆ ಕುಳಿತರು.

ಆದರೂ ಬಳೆ ಇಡಿಸುವ ದಿನ ಹೇಳಿದಂತೆಯೇ ಒಳಗೆ ಕುಳಿತಿದ್ದರು.

"ಮಂದಿ ಮುಂದ ಮತ್ತ ರಕ್ತ ಬಂದ್ರ?"

"ಬಂದ್ರ ನಾನೂ ಬಳಿ ಇಟಗೊಳ್ಳೂದಿಲ್ರಿ. ಏಳ್ರಿ."

ಪಡಸಾಲೆಯಲ್ಲಿ ಸಿಂದಗಿಯವರೂ ಬೀಗರೂ ನೆರೆದಿದ್ದರು. ಬಳೆಗಾರ ಅತ್ತೆಯ ಹೆಬ್ಬೆರಳಿನ ಗೆಣ್ಣು ಒತ್ತಿ, ಮೊದಲ ಗಾಜಿನ ಬಳೆ ಏರಿಸಿದ. ಎರಡನೆಯದು. ಅತ್ತೆ ಕಣ್ಣು ಮುಚ್ಚಿದ್ದರು. ಮೂರು, ನಾಲ್ಕು. ಕೈತುಂಬ ಹಸಿರು ಬಳೆ ಜಾರಿ ಕೂತವು, ಒಂದು ಗೀರೂ ಇಲ್ಲ.

"ಆಯಿ, ಏನ್ ಕೈರೀ ಇದು, ಬೆಣ್ಣಿ!" ಎಂದ ಬಳೆಗಾರ.

ಅತ್ತೆ ಕಣ್ಣು ತೆರೆದು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನೆರೆದ ಹೆಂಗಸರೆಲ್ಲ ನೋಡುವಂತೆ ಇನ್ನೊಂದು ಸಲ ತಿರುಗಿಸಿದರು. ಆಮೇಲೆ ಬಳೆಗಾರನಿಗೆ ಹೇಳಿದರು: "ಇನ್ನೆರಡು ಏರಸಪಾ. ಜಾಗಾ ಐತಿ."