ಬೂಟಿಗೆ ಹಾಕಿದ ಮಲ್ಲಿಗೆಯ ಗಂಟು

ಮುಂಬೈ ಅಂಧೇರಿಯ ನಮ್ಮ ದೇವಸ್ಥಾನದೊಳಗೆ ಮಂಗಳಾರತಿಯ ಗಂಟೆ ಶುರುವಾಗಿತ್ತು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚಲು ಗುದ್ದಾಡುತ್ತಿದ್ದೆ. ಮಂಡಿನೋವಿಗೆಂದು ಡಾಕ್ಟರರು ಹೇಳಿದ ಬೂಟು, ಅಂದೇ ಮೊದಲ ಸಲ ಹಾಕಿದ್ದು. ಶಾಲೆಯ ಡ್ರಿಲ್ಲಿಗೆ ಲೇಸು ಕಟ್ಟಿದವಳು ಆಮೇಲೆ ನಲವತ್ತು ವರ್ಷ ಚಪ್ಪಲಿಯಲ್ಲೇ ಕಳೆದಿದ್ದೆ. ಕೈಗೆ ನೆನಪಿದ್ದದ್ದು ದಿನಾ ದೇವರಿಗೆ ಮಲ್ಲಿಗೆ ಕಟ್ಟುವ ಗಂಟೊಂದೇ. ಅದನ್ನೇ ಹಾಕಿದ್ದೆ. ಎಳೆದಷ್ಟೂ ಬಿಗಿಯುತ್ತಿತ್ತು.

ಬಾಗಿಲಲ್ಲಿ ಹೂ ಮಾರುವ ವಿಜಯಪುರದ ಶಾಂತಕ್ಕ ಜೋರಾಗಿ ನಕ್ಕರು. “ಏನ್ರೀ ಅಕ್ಕಾರ, ಬೂಟಿಗೂ ಮಾಲಿ ಕಟ್ಟೀರೇನು? ಮಾಲಿ ಬಿಚ್ಚಬಾರದಂತ ಕಟ್ತೀವಿ, ಬೂಟು ಬಿಚ್ಚಾಕಂತನ ಕಟ್ಟಬೇಕ್ರೀ!”

“ನೆಗಾಡ್ಬೇಡಿ ಮಾರಾಯ್ರೆ, ಆರತಿ ಮುಗೀತದೆ!” ಎಂದೆ.

ಅವರು ಹಾರದ ಸೂಜಿಯಿಂದ ಗಂಟು ಸಡಿಲಿಸಿದರು. ಬೂಟು ಕಳಚಿಟ್ಟು, ಮಂಡಿನೋವು ಮರೆತು ಒಳಗೆ ಓಡಿದೆ. ಆರತಿ ತಟ್ಟೆ ಇನ್ನೂ ಇತ್ತು. ಕಣ್ಣಿಗೊತ್ತಿಕೊಂಡು ಹೊರಬಂದಾಗ ಶಾಂತಕ್ಕ ನನ್ನನ್ನು ಕೂರಿಸಿ, ಎರಡು ಕುಣಿಕೆಯ ಗಂಟನ್ನು ಮೂರು ಸಲ ಹಾಕಿಸಿ ಬಿಚ್ಚಿಸಿದರು.

ಈಗ ಅದೇ ಮೆಟ್ಟಿಲಲ್ಲಿ ಲೇಸಿನ ತುದಿ ಹಿಡಿದರೆ ಸಾಕು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಒಳಗೆ ಕೈಮುಗಿದಾಗ ದೇವರ ಮುಂದೆ ಮೊದಲು ನೆನೆಯುವುದು ಶಾಂತಕ್ಕನ ಆ ಉಪಕಾರವನ್ನೇ.