ಲಾಯದಲ್ಲಿ ತುಂಬಿದ ಮಡಿಲು

ಗಂಡ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಅದೇ ಒಂದು ದೊಡ್ಡ ವಿಷಯವಾಯಿತು. ವಿಜಯನಗರದ ನಮ್ಮ ಬೀದಿಯವರೆಲ್ಲ ಬಂದು ಮುಖ ನೋಡಿದರು, ‘ಅತ್ತುಬಿಡಿ, ಹಗುರಾಗುತ್ತೆ’ ಎಂದರು. ಬರದ ಅಳುವನ್ನು ಅಂಗಡಿಯಿಂದ ತರಲೇ? ಹಸಿವು, ಸಿಟ್ಟು, ಬೇಸರ ಯಾವುದೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಕೊನೆಗೆ ತಂಗಿ, ‘ಗೋಡೆ ನೋಡ್ಕೊಂಡು ಕೂತಿರ್ಬೇಡ ಕಣೇ’ ಎಂದು ಕೆಂಗೇರಿ ಆಚೆಯ ಒಂದು ಕುದುರೆ ಲಾಯಕ್ಕೆ ಕರೆದುಕೊಂಡು ಹೋದಳು.

ಶನಿವಾರ ಅಲ್ಲಿಗೆ ಮಕ್ಕಳು ಬರುತ್ತಿದ್ದರು. ಸ್ವಂತ ಮನೆಯಲ್ಲಿರಲು ಆಗದೆ ಬೇರೆಯವರ ಮನೆಯಲ್ಲಿ ಬೆಳೆಯುತ್ತಿದ್ದ ಮಕ್ಕಳು. ದತ್ತು ಅಲ್ಲ, ಸಾಕುವುದು, ಅಧಿಕಾರಿಗಳು ಹೇಳಿದ ದಿನ ಕಳಿಸಿಕೊಡುವುದು. ಕುದುರೆ ಮೇಲೆ ಕೂತು ಸುತ್ತು ಹಾಕಿದರೆ ಅವರ ಭಯ ಇಳಿಯುತ್ತದಂತೆ. ಪಕ್ಕದಲ್ಲಿ ನಡೆಯುತ್ತಾ, ಮಗು ಬೀಳದ ಹಾಗೆ ಅದರ ತೊಡೆಯ ಮೇಲೆ ಕೈ ಅಡ್ಡ ಇಟ್ಟಿರುವುದು ನನ್ನ ಕೆಲಸ. ಮಾತಾಡಬೇಕಾಗಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ.

ನನ್ನ ಪಾಲಿಗೆ ಬಂದವಳು ಎಂಟು ವರ್ಷದ ಹುಡುಗಿ. ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವ ಒಬ್ಬ ಹೆಂಗಸು ಅವಳನ್ನು ಸಾಕುತ್ತಿದ್ದರು. ಅದಕ್ಕೂ ಮೊದಲು ಹುಡುಗಿ ಎರಡು ಮನೆ ದಾಟಿ ಬಂದಿದ್ದಳು. ಎರಡೂ ಕಡೆ ಒಂದು ದಿನ ಕಾರು ಹತ್ತಿಸಿ ಕಳಿಸಿದ್ದರು, ಯಾಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೇಳಿದಾಗ ನನ್ನ ಕರುಳು ಚುರುಕ್ ಅನ್ನಬೇಕಿತ್ತು. ಅನ್ನಲಿಲ್ಲ.

ಊರಲ್ಲಿದ್ದ ಹುಡುಗಿಯ ಸ್ವಂತ ಅಜ್ಜಿ ಅವಳನ್ನು ಕೇಳಿಕೊಂಡು ಬಂದರು. ಅಜ್ಜಿ ಒಳ್ಳೆಯವರೇ, ಕಳಿಸುವುದೆಂದು ತೀರ್ಮಾನವೂ ಆಯಿತು. ಆ ವಾರ ಸಾಕುತಾಯಿ ಬೇಲಿಯ ಹತ್ತಿರ ನನ್ನ ಕೈ ಹಿಡಿದುಕೊಂಡರು.

‘ಅಕ್ಕಾ, ಅಜ್ಜಿ ಹತ್ರ ಹೋಗ್ಲಿ, ಸಂತೋಷ. ಆದ್ರೆ “ಈ ಅಮ್ಮನೂ ನನ್ನ ಓಡಿಸಿದ್ಳು” ಅಂದ್ಕೊಂಡು ಹೋಗ್ತಾಳೆ. ಹೇಳೋಣ ಅಂತ ಬಾಯಿ ತೆಗೆದ್ರೆ ನಂಗೆ ಅಳು ಬರುತ್ತೆ. ನೀವು ಹೇಳ್ತೀರಾ?’

ಆಯಿತು ಎಂದೆ. ಅವತ್ತು ಸುತ್ತು ಹಾಕುವಾಗೆಲ್ಲ ಹುಡುಗಿಯ ಪಕ್ಕದಲ್ಲೇ ಇದ್ದೆ. ಕುದುರೆಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡು ನಡೆದೆವು.

ಕೊನೆಯ ಶನಿವಾರ ಅವಳನ್ನು ಕರೆದೊಯ್ಯುವ ಕಾರು ನೇರವಾಗಿ ಲಾಯಕ್ಕೇ ಬರುವುದಿತ್ತು. ಸವಾರಿ ಮುಗಿಸಿ ಹುಡುಗಿ ಕೆಳಗಿಳಿದಳು. ಸಾಕುತಾಯಿ ಚೀಲದಿಂದ ತಟ್ಟೆ ತೆಗೆದು ಹುಲ್ಲಿನ ಹೊರೆಯ ಮೇಲಿಟ್ಟರು. ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಬಳೆ, ರವಿಕೆ ಕಣ. ಮಡಿಲಕ್ಕಿ. ಮದುವೆಯಾದ ಮಗಳು ತವರಿಂದ ಗಂಡನ ಮನೆಗೆ ಹೊರಡುವಾಗ ಸೆರಗಿಗೆ ತುಂಬುವಂಥದ್ದು, ಇಲ್ಲಿ ಲದ್ದಿ ವಾಸನೆಯ ಮಧ್ಯೆ, ಈ ಚೋಟುದ್ದದ ಹುಡುಗಿಗೆ.

‘ಏನ್ರೀ ಇದು? ಮದುವೆ ಆದೋರಿಗೆ ತಾನೇ ತುಂಬೋದು?’ ಎಂದೆ.

‘ಗೊತ್ತು ಅಕ್ಕಾ. ಮನೆ ಮಗಳನ್ನ ಬರಿಗೈಲಿ ಕಳ್ಸೋಕೆ ನಂಗಾಗಲ್ಲ.’

ತಮ್ಮ ವೇಲನ್ನೇ ಹುಡುಗಿಯ ಸೊಂಟಕ್ಕೆ ಕಟ್ಟಿ, ತುದಿಯನ್ನು ಅವಳ ಕೈಗೆ ಹಿಡಿಸಿ, ಅಕ್ಕಿ ಸುರಿದರು. ನನಗೂ ಸುರಿಯಲು ಹೇಳಿದರು.

‘ನನಗೆ ಯಜಮಾನ್ರಿಲ್ಲ. ನಾನು ಮುಟ್ಟೋ ಹಾಗಿಲ್ಲ.’

‘ತಪ್ಪು ಮಾಡೋದು ಮಾಡಾಯ್ತು, ಜೊತೆಗೆ ನೀವೂ ಇರಿ.’

ಬೊಗಸೆ ಅಕ್ಕಿ ತೆಗೆದುಕೊಂಡು ಹಾಕಿದೆ. ಕೈಗೆ ಅಕ್ಕಿ ತಣ್ಣಗೆ ತಾಗಿತು, ಅಷ್ಟೇ.

‘ಇದು ಯಾಕೆ?’ ಹುಡುಗಿ ಕೇಳಿದಳು. ಸಾಕುತಾಯಿ ಆಗಲೇ ಅತ್ತ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಉಳಿದವಳು ನಾನೊಬ್ಬಳೇ.

‘ತವರುಮನೆಯಿಂದ ಹೊರಡೋ ಮಗಳಿಗೆ ಕೊಡೋದು,’ ಎಂದೆ. ‘ಓಡಿಸೋ ಮಗೂಗೆ ಇದನ್ನ ಯಾರೂ ಕೊಡಲ್ಲ.’

ಅವಳು ಅಕ್ಕಿಯನ್ನು ನೋಡಿದಳು, ಬಳೆಯನ್ನು ನೋಡಿದಳು. ಗೇಟಿನಲ್ಲಿ ಕಾರು ಹಾರ್ನ್ ಮಾಡಿತು. ನನ್ನೊಳಗೆ ಏನೋ ನೋಯಿತು. ಅದು ನೋವೇ ಎಂದು ಗುರುತಿಸಲು ಸ್ವಲ್ಪ ಸಮಯ ಬೇಕಾಯಿತು.

ಹುಡುಗಿ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಕಾಳೂ ಚೆಲ್ಲದ ಹಾಗೆ ಕಾರು ಹತ್ತಿ ಕೂತಳು. ಆಮೇಲೆ ಕಿಟಕಿಯಿಂದ ಸಾಕುತಾಯಿಯ ಕಡೆ ನೋಡಿ, ‘ಹಂಗಾದ್ರೆ ಗೌರಿ ಹಬ್ಬಕ್ಕೆ ನನ್ನ ಕರೀಬೇಕು,’ ಎಂದಳು. ‘ಮರೀಬೇಡಿ. ಅಜ್ಜೀನೂ ಕರ್ಕೊಂಡು ಬರ್ತೀನಿ.’