ಸ್ಕೂಟರಿನ ಮುಂದೆ ನಿಂತವಳು

ಮೊಸರಿನಲ್ಲಿ ಕಲ್ಲು ಹುಡುಕುವುದು ನನ್ನ ಹುಟ್ಟುಗುಣ. ಸಿನಿಮಾ ನೋಡುವಾಗ ಅದು ಇನ್ನೂ ಜಾಸ್ತಿ. ಇದು ಗೊತ್ತಿದ್ದೂ ನನ್ನ ಪಕ್ಕ ಕೂರಲು ಒಪ್ಪುವವಳು ಅಕ್ಕ ಒಬ್ಬಳೇ. ಕಳೆದ ವರ್ಷ ಜೆ.ಪಿ. ನಗರದ ಮಾಲ್‌ನಲ್ಲಿ ಇಬ್ಬರೂ ಕೃತಕ ಮನುಷ್ಯರ ಸಿನಿಮಾವೊಂದರ ಎರಡನೇ ಭಾಗ ನೋಡಿದೆವು. ಮೊದಲನೆಯದು ನನಗೆ ಬಾಯಿಪಾಠ. ಹಾಗಾಗಿ ಹೊರಗೆ ಬರುವಷ್ಟರಲ್ಲಿ ತಲೆಯ ತುಂಬ ತಪ್ಪುಗಳಿದ್ದವು.

ಜಯನಗರದ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತಲ್ಲೇ ಶುರುಮಾಡಿದೆ. "ಅಲ್ಲ ಅಕ್ಕ, ಫಸ್ಟ್ ಪಾರ್ಟಲ್ಲಿ ಅವ್ರು ನೀರೂ ಕುಡಿಯಲ್ಲ ಅಂದ್ರು. ಇದ್ರಲ್ಲಿ ಕೂತ್ಕೊಂಡು ಸೂಪ್ ಹೀರ್ತಿದಾರೆ! ಎದೇಲಿದ್ದ ಬ್ಯಾಟರಿ ಬೆನ್ನಿಗೆ ಹೆಂಗೆ ಹೋಯ್ತು?"

"ಸರ್ವಿಸ್ ಮಾಡ್ಸಿರ್ತಾರೆ ಬಿಡೇ," ಅಂದಳು ಅಕ್ಕ.

ನನಗೆ ನಿಜಕ್ಕೂ ತಡೆಯಲಾಗದ ತಪ್ಪು ಬೇರೆಯೇ ಇತ್ತು. ಅವರೆಲ್ಲ ದೊಡ್ಡವರಾಗಿಯೇ ತಯಾರಾದವರು, ಬಾಲ್ಯವೇ ಇಲ್ಲದವರು. ಆದರೆ ಈ ಭಾಗದ ನಾಯಕಿಗೆ ಅಪ್ಪ ತನ್ನನ್ನು ಉಪ್ಪುಮೂಟೆ ಹೊತ್ತು ಓಡಿದ್ದು ನೆನಪಿದೆ.

"ಅದನ್ನ ಅವಳ ತಲೆಗೆ ಹಾಕಿದ್ಯಾರು? ಹೋಗ್ಲಿ, ಬೆನ್ನ ಮೇಲಿದ್ದವಳಿಗೆ ಅಪ್ಪನ ಮುಖ ಹೆಂಗೆ ಕಾಣುತ್ತೆ?"

ಅಕ್ಕ ನಗಲಿಲ್ಲ. ಲೋಟ ಕೆಳಗಿಟ್ಟು ರಸ್ತೆ ನೋಡತೊಡಗಿದಳು. ನನ್ನದೇ ಮಾತು ನನಗೆ ಬಂದು ತಗುಲಿತ್ತು.

ನಮ್ಮಪ್ಪ ತೀರಿಕೊಂಡಾಗ ನನಗಿನ್ನೂ ಎರಡು ತುಂಬಿರಲಿಲ್ಲ. ಅಪ್ಪನದೆಂದು ನನ್ನ ಹತ್ತಿರ ಇರುವುದು ಒಂದೇ ನೆನಪು. ಸಿದ್ದಾಪುರದ ಕಡೆಯಿಂದ ಲಾಲ್‌ಬಾಗಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದೇವೆ. ಕೆಂಪು ಸ್ವೆಟರ್ ಹಾಕಿಕೊಂಡು ನಾನು ಮುಂದೆ ನಿಂತಿದ್ದೇನೆ. ಹಿಂದೆ ಅಪ್ಪ ನಗುತ್ತಿದ್ದಾರೆ. ಬೇಜಾರಾದಾಗಲೆಲ್ಲ ಅದನ್ನೇ ತೆಗೆದು ನೋಡಿಕೊಂಡು ಬೆಳೆದವಳು ನಾನು. ಮುಂದೆ ನಿಂತವಳಿಗೆ ಹಿಂದಿನ ಅಪ್ಪನ ನಗು ಕಾಣುವುದು ಹೇಗೆ ಎಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಕಂಡವರ ಸಿನಿಮಾದಲ್ಲಿ ಹುಳುಕು ಹುಡುಕುವ ಜಾಣೆ!

"ಅಕ್ಕ, ಆ ಸ್ಕೂಟರಲ್ಲಿ ನಿಂತಿದ್ದು ನಾನೇ ತಾನೆ?" ಕೇಳುವಾಗ ನನಗೆ ಹೆದರಿಕೆಯಾಗಿತ್ತು.

"ನೀನಿನ್ನೂ ಹುಟ್ಟೇ ಇರ್ಲಿಲ್ಲ ಕಣೇ," ಅಂದಳು.

ಅಮ್ಮ ಕೆಲಸಕ್ಕೆ ಹೋದ ಮೇಲೆ ನನಗೆ ಅನ್ನ ಕಲಸಿ ಕೈತುತ್ತು ಹಾಕುತ್ತಿದ್ದವಳು ಅಕ್ಕ. ಕಥೆ ಹೇಳದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲವಂತೆ. ಅಪ್ಪನ ಕಥೆಯೇ ಆಗಬೇಕು, ಅದರಲ್ಲಿ ನಾನೂ ಇರಬೇಕು.

"'ನಾನೆಲ್ಲಿದ್ದೆ, ನಾನೆಲ್ಲಿದ್ದೆ' ಅಂತ ಅಳೋಳು. ಇರ್ಲಿಲ್ಲ ಅಂತ ಹೆಂಗೆ ಹೇಳ್ಲಿ? ಅದಕ್ಕೆ ಕಥೇಲಿ ನಾನು ನಿಂತಿದ್ದ ಜಾಗದಲ್ಲಿ ನಿನ್ನ ನಿಲ್ಸಿ ನನ್ನ ಸ್ವೆಟರ್ ಹಾಕ್ದೆ. ನಾನು ಹಿಂದೆ ಕೂತ್ಕೊಂಡೆ."

"ಹಂಗಾದ್ರೆ ಅದು ನಿಂದು. ವಾಪಸ್ ತಗೋ," ಅಂದೆ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಲ್ಲಿ ತಗೊಳ್ಳೋದು? ದಿನಾ ಹೇಳೀ ಹೇಳೀ ನಂಗೂ ಹಂಗೇ ಆಗೋಗಿದೆ. ಕಣ್ಣು ಮುಚ್ಚಿದ್ರೆ ನಾನು ಹಿಂದೆ ಕೂತಿರ್ತೀನಿ. ಮುಂದೆ ನಿಂತಿರೋದು ನೀನೇ ಕಾಣ್ತೀಯ."

ಹಿಂದೆ ಕೂತವಳಿಗೆ ಮುಂದೆ ನಿಂತವಳು ಹೇಗೆ ಕಾಣುತ್ತಾಳೆ, ನಡುವೆ ಅಪ್ಪ ಇದ್ದರಲ್ಲ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ.